ನ್ಯಾಸ್‌ನಿಂದ ಡಿಸ್ಕ್ ಪದೇ ಪದೇ ಹೊರಬೀಳುತ್ತಿದ್ದರೆ: ಹೊಸದು ಕೊಳ್ಳುವ ಮೊದಲು ನೋಡಬೇಕಾದ್ದು

ಮನೆಯ ನೆಟ್‌ವರ್ಕ್‌ನಲ್ಲಿ ಎಲ್ಲರಿಗೂ ಫೈಲು ಹಂಚುವ ಸ್ಟೋರೇಜ್ ಡಬ್ಬ, ಅಂದರೆ ನ್ಯಾಸ್, ಈಗ ಮೈಸೂರಿನಲ್ಲಿ ಅಪರೂಪದ ವಸ್ತುವಲ್ಲ. ಕುವೆಂಪುನಗರದಲ್ಲಿ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್‌ನವರ ಹತ್ತಿರ ಇದೆ. ಸರಸ್ವತಿಪುರಂನ ಆಡಿಟರ್ ಆಫೀಸಿನಲ್ಲಿದೆ. ಮದುವೆ ವೀಡಿಯೊ ತೆಗೆಯುವ ಸ್ಟುಡಿಯೊದವರಿಗಂತೂ ಅದಿಲ್ಲದೆ ಆಗುವುದೇ ಇಲ್ಲ. ದೂರು ಮಾತ್ರ ಎಲ್ಲರದ್ದೂ ಒಂದೇ: "ಡಿಸ್ಕ್ ಹೋಯ್ತು ಸಾರ್." ಹೊಸದು ತಂದು ಹಾಕುತ್ತಾರೆ. ಸ್ವಲ್ಪ ದಿನ ಚೆನ್ನಾಗಿರುತ್ತದೆ. ಮತ್ತೆ ಕೆಂಪು ದೀಪ.

ಹೀಗೆ "ಹೋದ" ಡಿಸ್ಕ್‌ಗಳನ್ನು ತೆಗೆದು ಪರೀಕ್ಷೆ ಮಾಡಿದರೆ, ನಿಜವಾಗಿ ಕೆಟ್ಟಿರುವುದು ನಾವು ಅಂದುಕೊಂಡಷ್ಟು ಇರುವುದಿಲ್ಲ. ಕೆಲವಕ್ಕೆ ಕೇಬಲ್ ತೊಂದರೆ. ಕೆಲವಕ್ಕೆ ಕರೆಂಟಿನ ತೊಂದರೆ. ಇನ್ನು ಕೆಲವು ಡಿಸ್ಕ್‌ಗಳಲ್ಲಿ ಯಾವ ದೋಷವೂ ಇರುವುದಿಲ್ಲ, ಈ ಕೆಲಸಕ್ಕೆ ಅವು ಆಗಿಬರುವುದಿಲ್ಲ ಅಷ್ಟೆ. ಯಾವುದು ಯಾವುದು ಅಂತ ತಿಳಿಯದೆ ಅಂಗಡಿಗೆ ಓಡಿದರೆ ಅದೇ ತೊಂದರೆಯನ್ನು ದುಡ್ಡು ಕೊಟ್ಟು ಮನೆಗೆ ಕರೆತಂದ ಹಾಗೆ.

ಕೆಂಪು ದೀಪ ಬಂದಾಗ ಮೊದಲ ಕೆಲಸ

ಏನನ್ನೂ ಕೀಳಬೇಡಿ. ಹಲವು ಡಿಸ್ಕ್‌ಗಳನ್ನು ಒಂದಾಗಿ ಸೇರಿಸಿ, ಒಂದು ಸತ್ತರೂ ಡೇಟಾ ಉಳಿಯುವಂತೆ ಮಾಡುವ ಜೋಡಣೆಯೇ ರೇಡ್. ನಾಲ್ಕು ಡಿಸ್ಕ್‌ನ ರೇಡ್ 5ರಲ್ಲಿ ಒಂದು ಹೊರಬಿದ್ದರೆ, ಅಂದರೆ ಡಬ್ಬ ಅದನ್ನು ಬಳಸುವುದು ಬಿಟ್ಟರೆ, ಉಳಿದ ಮೂರರಿಂದ ಡೇಟಾ ಸಿಗುತ್ತಲೇ ಇರುತ್ತದೆ. ಆದರೆ ಇನ್ನೊಂದು ಬಿದ್ದರೆ ಎಲ್ಲವೂ ಹೋಯಿತು. ಗಾಬರಿಯಲ್ಲಿ ತಪ್ಪು ಡಿಸ್ಕ್ ಎಳೆದು ಪೂರ್ತಿ ಕಳೆದುಕೊಂಡವರು ಇದ್ದಾರೆ.

ಮೊದಲು ಮುಖ್ಯವಾದದ್ದನ್ನು ಒಂದು ಯುಎಸ್‌ಬಿ ಡಿಸ್ಕ್‌ಗೆ ಕಾಪಿ ಮಾಡಿ. ಪೂರ್ತಿ ಆಗದಿದ್ದರೆ ಗಿರಾಕಿಗೆ ಇನ್ನೂ ಕೊಟ್ಟಿಲ್ಲದ ಕೆಲಸ, ಮನೆಯ ಫೋಟೊ, ಲೆಕ್ಕಪತ್ರ, ಇಷ್ಟಾದರೂ. ಆಮೇಲೆ ಡಬ್ಬದ ಲಾಗ್, ಅಂದರೆ ಏನೇನಾಯಿತು ಅನ್ನುವ ದಾಖಲೆ, ತೆಗೆದು ಉಳಿಸಿಕೊಳ್ಳಿ. ಎಷ್ಟೋ ಡಬ್ಬಗಳಲ್ಲಿ ರೀಸ್ಟಾರ್ಟ್ ಮಾಡಿದರೆ ಹಳೆಯ ಸಿಸ್ಟಮ್ ಲಾಗ್ ಅಳಿಸಿಹೋಗುತ್ತದೆ. "ಆಫ್ ಮಾಡಿ ಆನ್ ಮಾಡಿ ನೋಡಿದೆ" ಅನ್ನುವುದು ಟೀವಿಗೆ ಸರಿ, ಇಲ್ಲಿ ಅದರಿಂದ ಸಾಕ್ಷಿಯೇ ಹೋಗುತ್ತದೆ.

ನಿಧಾನ ಎಲ್ಲಿದೆ?

ದೀಪವೇನೂ ಕೆಂಪಾಗಿಲ್ಲ, ಸುಮ್ನೆ ನಿಧಾನ ಅಷ್ಟೇ ಅನ್ನುವವರು ಡಿಸ್ಕ್ ಕಡೆ ಬರುವ ಮುಂಚೆ ನೆಟ್‌ವರ್ಕ್ ನೋಡಬೇಕು. ದೊಡ್ಡ ಫೈಲ್ ಒಂದನ್ನು ಕಾಪಿ ಮಾಡಿ, ಸೆಕೆಂಡಿಗೆ ಎಷ್ಟು ಎಂಬಿ ಅಂತ ನೋಡಿ. ಗಿಗಾಬಿಟ್ ಜಾಲದಲ್ಲಿ 110 ಎಂಬಿ ಆಸುಪಾಸು ಬರಬೇಕು. ಸರಿಯಾಗಿ 11 ಅಥವಾ 12ಕ್ಕೆ ನಿಂತಿದ್ದರೆ ಜಾಲ 100 ಮೆಗಾಬಿಟ್‌ಗೆ ಇಳಿದಿದೆ ಅಂತಲೇ ಅರ್ಥ. ಎಂಟು ತಂತಿಯಲ್ಲಿ ಒಂದು ತುಂಡಾಗಿದ್ದರೂ ಹೀಗಾಗಬಹುದು. ಇಲಿ ಕಚ್ಚಿರಬಹುದು, ಬಾಗಿಲ ಸಂದಿಯಲ್ಲಿ ಕೇಬಲ್ ಜಜ್ಜಿರಬಹುದು, ಹಳೆಯ ಸ್ವಿಚ್ ಒಂದು ಮಧ್ಯೆ ಕೂತಿರಬಹುದು. ಕೇಬಲ್ ಬದಲಾಯಿಸಿ ನೋಡಿ.

ಓದುವಾಗ ವೇಗ ಸರಿಯಿದೆ, ಬರೆಯುವಾಗ ಮಾತ್ರ ಮೊದಲಿಗೆ ಚೆನ್ನಾಗಿ ಹೋಗಿ ಆಮೇಲೆ ಕುಸಿಯುತ್ತದೆ ಅಂದರೆ ಅದು ಬೇರೆ ಕಥೆ. ಕೆಳಗೆ ಅದಕ್ಕೇ ಬರುತ್ತೇನೆ.

ಸ್ಮಾರ್ಟ್ ಪಟ್ಟಿ ಓದುವುದು

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದೇ ಸ್ಮಾರ್ಟ್. ನ್ಯಾಸ್‌ನ ಸ್ಟೋರೇಜ್ ಪುಟದಲ್ಲಿ ಸಿಗುತ್ತದೆ. "ನಾರ್ಮಲ್" ಅಂತ ಹಸಿರು ಅಕ್ಷರ ತೋರಿಸಿದರೆ ಅಷ್ಟಕ್ಕೇ ನಿಲ್ಲಬೇಡಿ, ಒಳಗಿನ ಪಟ್ಟಿ ತೆರೆದು ಕಚ್ಚಾ ಅಂಕಿ ನೋಡಿ. ಪಟ್ಟಿ ಉದ್ದವಿರುತ್ತದೆ, ನಮಗೆ ಬೇಕಾದದ್ದು ಕೆಲವೇ ಸಾಲು.

ಸಾಲಿನ ನಂಬರ್ ಅಂದರೆ ಪಟ್ಟಿಯಲ್ಲಿ ಅದಕ್ಕಿರುವ ಐಡಿ ನಂಬರ್, ಮೇಲಿನಿಂದ ಎಣಿಸಿದ್ದಲ್ಲ. 5ನೇ ಸಾಲು, ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು (ಡಿಸ್ಕ್ ಡೇಟಾ ಬರೆಯುವ ಸಣ್ಣ ಸಣ್ಣ ತುಂಡುಗಳು). 197, ಓದಲು ಆಗದೆ ಅನುಮಾನದಲ್ಲಿ ಇಟ್ಟ ಸೆಕ್ಟರ್‌ಗಳು. 198, ಸರಿಪಡಿಸಲಾಗದವು. ಈ ಮೂರೂ ಸೊನ್ನೆ ಇರಬೇಕು. 5ರಲ್ಲಿ ಎಂಟೋ ಹತ್ತೋ ಇದ್ದು ತಿಂಗಳಾನುಗಟ್ಟಲೆ ಹಾಗೇ ಇದ್ದರೆ ಕಣ್ಣಿಟ್ಟಿರಿ ಸಾಕು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಹೋಗುತ್ತಿದೆ, ವಾದ ಬೇಡ. ಗೂಗಲ್‌ನವರು 2007ರಲ್ಲಿ ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದ್ದರು. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ 60 ದಿನದೊಳಗೆ ಕೆಡುವ ಸಾಧ್ಯತೆ, ಅಂಥ ದೋಷ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು ಅಂತ ಅದರಲ್ಲಿತ್ತು. ಇನ್ನೊಂದು ಮಾತೂ ಅದರಲ್ಲೇ ಇದೆ: ಸತ್ತ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಸ್ಕ್‌ಗಳು ನಾಲ್ಕು ಮುಖ್ಯ ಅಂಕಿಗಳಲ್ಲಿ ಯಾವ ಸುಳಿವೂ ಕೊಡದೆ ಸತ್ತಿದ್ದವು. ಹಾಗಾಗಿ ಪಟ್ಟಿ ಸ್ವಚ್ಛವಾಗಿದೆ ಅಂತ ಬ್ಯಾಕಪ್ ಬಿಡುವ ಹಾಗಿಲ್ಲ.

199ನೇ ಸಾಲು ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ದುಡ್ಡು ಉಳಿಸುವುದು ಅದೇ. ಡಿಸ್ಕ್‌ಗೂ ಬೋರ್ಡ್‌ಗೂ ನಡುವೆ ಡೇಟಾ ಹೋಗುವಾಗ ಕೆಟ್ಟದ್ದರ ಎಣಿಕೆ ಅದು. ಅದು ಏರುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕೇಬಲ್ ಅಥವಾ ಸ್ಲಾಟ್‌ನ (ಡಿಸ್ಕ್ ಕೂರುವ ಗೂಡಿನ) ದೋಷ, ಡಿಸ್ಕ್‌ನದ್ದಲ್ಲ. ಈ ಅಂಕಿ ಯಾವತ್ತೂ ಸೊನ್ನೆಗೆ ವಾಪಸ್ ಬರುವುದಿಲ್ಲ. ಇವತ್ತಿನ ಅಂಕಿ ಬರೆದಿಟ್ಟು ಒಂದು ವಾರ ಬಿಟ್ಟು ಮತ್ತೆ ನೋಡಬೇಕು.

ಒಂದು ಎಚ್ಚರಿಕೆ. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಅಂಕಿ ಕಾಣುತ್ತದೆ. ನೋಡಿ ಎದೆ ಧಸಕ್ ಅನ್ನುತ್ತದೆ. ಅದು ಬರೀ ದೋಷದ ಎಣಿಕೆಯಲ್ಲ, ಒಟ್ಟು ಮಾಡಿದ ಕೆಲಸದ ಲೆಕ್ಕವನ್ನೂ ಅದರೊಳಗೇ ಸೇರಿಸಿ ಬರೆಯುವ ಅವರ ಪದ್ಧತಿ. ವಿಂಡೋಸ್‌ನಲ್ಲಿ ಸ್ಮಾರ್ಟ್ ಪಟ್ಟಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಬಳಸುವವರಿಗೆ ಇನ್ನೊಂದು: ಅದು ಕಚ್ಚಾ ಅಂಕಿಯನ್ನು ಮೊದಲಿಗೆ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಸೆಟ್ಟಿಂಗ್‌ನಲ್ಲಿ ಹತ್ತರ ಲೆಕ್ಕಕ್ಕೆ ಬದಲಾಯಿಸಿಕೊಂಡು ಓದಿ.

ಡಿಸ್ಕೋ, ಸ್ಲಾಟೋ?

ಹೊರಬಿದ್ದ ಡಿಸ್ಕನ್ನು ತೆಗೆದು ಒಂದು ಕಂಪ್ಯೂಟರಿಗೆ ಸಾಟಾ ಕೇಬಲ್‌ನಲ್ಲಿ ಹಾಕಿ. ವಿಂಡೋಸ್ ಆದರೆ "ಡಿಸ್ಕ್ ಇನಿಶಿಯಲೈಸ್ ಮಾಡಲೇ?" ಅಂತ ಕೇಳುತ್ತದೆ. ಬೇಡ ಅನ್ನಿ. ಹೂಂ ಅಂದರೆ ಅದರ ಮೇಲಿನ ಗುರುತು ಅಳಿಸಿ ಬೇರೆ ಬರೆಯುತ್ತದೆ. ಆಮೇಲೆ ಸ್ಮಾರ್ಟ್‌ನ ಉದ್ದ ಪರೀಕ್ಷೆ ಹಚ್ಚಿ. 4 ಟಿಬಿ ಡಿಸ್ಕ್‌ಗೆ ಏಳೆಂಟು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗುವುದು ಒಳ್ಳೆಯದು.

ಪರೀಕ್ಷೆಯಲ್ಲಿ ಬಿದ್ದರೆ ಡಿಸ್ಕ್ ಕೆಟ್ಟಿದೆ, ವಾರಂಟಿಗೆ ಕೊಡಿ. ಪಾಸಾಗಿ, 5, 197, 198 ಸೊನ್ನೆ ಇದ್ದು, 199 ಇಲ್ಲಿ ಏರದಿದ್ದರೆ ನ್ಯಾಸ್‌ನ ಆ ಸ್ಲಾಟ್ ಮೇಲೆ ಅನುಮಾನ. ಸ್ಲಾಟ್‌ನ ಹಿಂದಿನ ಕನೆಕ್ಟರ್‌ನಲ್ಲಿ ಧೂಳು ಕೂತಿರುವುದು ಸಾಮಾನ್ಯ. ಡಬ್ಬ ಪೂರ್ತಿ ಆಫ್ ಮಾಡಿ, ಬ್ಲೋಯರ್ ಹೊಡೆದು, ಟ್ರೇನ ಸ್ಕ್ರೂ ನಾಲ್ಕೂ ಬಿಗಿಯಾಗಿದೆಯಾ ನೋಡಿ. ಎರಡೇ ಸ್ಕ್ರೂ ಹಾಕಿ ಕೂರಿಸಿದ ಡಿಸ್ಕ್ ನಡುಗಿ ನಡುಗಿ ಸಂಪರ್ಕ ಸಡಿಲವಾಗುತ್ತದೆ. ಡಿಸ್ಕ್ ಬೇರೆಯದು ಹಾಕಿದರೂ ಅದೇ ಸ್ಲಾಟ್ ಬೀಳುತ್ತಿದ್ದರೆ ಡಬ್ಬಕ್ಕೇ ರಿಪೇರಿ ಬೇಕು. ರೇಡ್ ಅರೆಬರೆ ಸ್ಥಿತಿಯಲ್ಲಿ ಇರುವಾಗ ಚೆನ್ನಾಗಿರುವ ಡಿಸ್ಕ್‌ಗಳನ್ನು ಅದಲುಬದಲು ಮಾಡಿ ಪ್ರಯೋಗ ಮಾಡಬೇಡಿ.

ಕರೆಂಟು, ಅಡಾಪ್ಟರ್, ಸಜ್ಜೆ

ನಮ್ಮ ಕಡೆ ಏಪ್ರಿಲ್, ಮೇ ಸಂಜೆ ಗಾಳಿಮಳೆ ಬಂದರೆ ಕರೆಂಟು ಹೋಗಿ ಬಂದು ಆಟವಾಡುತ್ತದೆ. ಇನ್ವರ್ಟರ್ ಇದೆಯಲ್ಲ ಅಂತ ಜನ ನೆಮ್ಮದಿಯಿಂದ ಇರುತ್ತಾರೆ. ಮನೆಯ ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ ಸ್ವಲ್ಪ ಅಂತರ ಇರುತ್ತದೆ. ಫ್ಯಾನು, ಲೈಟಿಗೆ ಗೊತ್ತಾಗುವುದಿಲ್ಲ. ನ್ಯಾಸ್‌ಗೆ ಗೊತ್ತಾಗುತ್ತದೆ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದರಲ್ಲಿಡಿ, ಅಂತರ ಕಡಿಮೆಯಾಗುತ್ತದೆ. ಅದಕ್ಕಿಂತ ಒಳ್ಳೆಯದು ನ್ಯಾಸ್‌ಗೇ ಒಂದು ಸಣ್ಣ ಯುಪಿಎಸ್, ಅದೂ ಯುಎಸ್‌ಬಿ ವೈರ್ ಇರುವಂಥದ್ದು. ಬ್ಯಾಟರಿ ಇಳಿದಾಗ ಡಬ್ಬಕ್ಕೆ ಸುದ್ದಿ ಮುಟ್ಟಿ ತಾನೇ ಸರಿಯಾಗಿ ಶಟ್‌ಡೌನ್ ಆಗುತ್ತದೆ.

ಕರೆಂಟಿನದ್ದೇ ತೊಂದರೆ ಅಂತ ಹೇಗೆ ಗೊತ್ತಾಗುತ್ತದೆ? ಸ್ಮಾರ್ಟ್ ಪಟ್ಟಿಯಲ್ಲಿ 192 ನೋಡಿ. ಓದಿ ಬರೆಯುವ ತಲೆಯನ್ನು ಅದರ ಜಾಗಕ್ಕೆ ಸರಿಸಲು ಡಿಸ್ಕ್‌ಗೆ ಸಮಯ ಕೊಡದೆ ಕರೆಂಟು ತಪ್ಪಿದಾಗ ಈ ಅಂಕಿ ಏರುತ್ತದೆ. ನೀವು ಮೂರು ತಿಂಗಳಿಂದ ಡಬ್ಬ ಆಫೇ ಮಾಡಿಲ್ಲ, 192 ಮಾತ್ರ ಏರಿದೆ ಅಂದರೆ ಉತ್ತರ ಸಿಕ್ಕಿತಲ್ವಾ?

ಇನ್ನೊಂದು ಬಗೆ ಇದೆ. ಡಬ್ಬ ಆನ್ ಆಗುವಾಗ ಅಥವಾ ಡಿಸ್ಕ್‌ಗಳು ನಿದ್ದೆಯಿಂದ ಏಳುವಾಗ ಮಾತ್ರ ಒಂದು ಡಿಸ್ಕ್ ಕಾಣೆಯಾಗುವುದು. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದರೆ 96 ವಾಟ್ ಹತ್ತಿರ. ನಾಲ್ಕು ಡಿಸ್ಕ್‌ನ ಸಣ್ಣ ಡಬ್ಬಗಳ ಅಡಾಪ್ಟರ್ ಸಾಮಾನ್ಯವಾಗಿ 90ರಿಂದ 120 ವಾಟ್‌ನದ್ದು. ಅದಕ್ಕೇ ಡಬ್ಬ ಒಂದೊಂದನ್ನೇ ಸರದಿಯಲ್ಲಿ ಎಬ್ಬಿಸುತ್ತದೆ. ನಾಲ್ಕೈದು ವರ್ಷ ಬಿಸಿಯಲ್ಲಿ ಬೆಂದ ಅಡಾಪ್ಟರ್‌ಗೆ ಅಷ್ಟೂ ತಾಳುವುದಿಲ್ಲ. ಬದಲಾಯಿಸುವಾಗ ವೋಲ್ಟ್ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ನಾಲ್ಕು ಪಿನ್ನಿನ ಗುಂಡು ಪ್ಲಗ್ ಇದ್ದರೆ ತುಂಬಾ ಹುಷಾರು. ನೋಡಲು ಒಂದೇ ಥರ ಇರುವ ಎರಡು ಪ್ಲಗ್‌ಗಳಲ್ಲಿ ಪ್ಲಸ್, ಮೈನಸ್ ಜಾಗ ಬೇರೆ ಇರಬಹುದು. ಮೀಟರ್ ಹಿಡಿದು ನೋಡದೆ ಚುಚ್ಚಬೇಡಿ.

ಹಳೆಯ ಪಿಸಿಯನ್ನೇ ನ್ಯಾಸ್ ಮಾಡಿಕೊಂಡವರು ಮೋಲೆಕ್ಸ್ ಅನ್ನುವ ಹಳೆಯ ಪವರ್ ಪ್ಲಗ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ಅಚ್ಚಿನ ಕನೆಕ್ಟರ್ ಬಳಸಬಾರದು. ಒಳಗೆ ತಂತಿ ತಾಗಿ ಸುಟ್ಟುಹೋಗುವುದು ಅದಕ್ಕೆ ಮಾಮೂಲು.

ಇನ್ನು ಬಿಸಿ. ಶಬ್ದ ಬರುತ್ತದೆ, ಕಣ್ಣಿಗೆ ಬೀಳುತ್ತದೆ ಅಂತ ಡಬ್ಬವನ್ನು ಸಜ್ಜೆ ಮೇಲೆ, ಹಾಸಿಗೆ ಸುರುಳಿ ಪಕ್ಕ ಇಡುತ್ತಾರೆ. ಮೇಲೆ ತಾರಸಿ ಕಾದಿರುತ್ತದೆ, ಗಾಳಿ ಆಡುವುದಿಲ್ಲ. ಮಂಡ್ಯದ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. 194ನೇ ಸಾಲಿನ ಅಂಕಿ 45 ಡಿಗ್ರಿ ಒಳಗೆ ಇರುವಂತೆ ನೋಡಿಕೊಳ್ಳಿ. ಕೆಳಗೆ ಇಳಿಸಿ, ಸುತ್ತ ನಾಲ್ಕು ಬೆರಳು ಜಾಗ ಬಿಟ್ಟರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಎಲ್ಲ ಸರಿಯಿದ್ದೂ ರೀಬಿಲ್ಡ್ ಮುಗಿಯದಿದ್ದರೆ

ನಿಜವಾದ ತಲೆನೋವು ಇದು. ರೀಬಿಲ್ಡ್ ಅಂದರೆ ಸತ್ತ ಡಿಸ್ಕ್‌ನಲ್ಲಿದ್ದದ್ದನ್ನು ಉಳಿದವುಗಳಿಂದ ಲೆಕ್ಕ ಹಾಕಿ ಹೊಸದಕ್ಕೆ ಬರೆಯುವುದು. ಮಂಡ್ಯದ ಸ್ಟುಡಿಯೊ ಒಂದರಲ್ಲಿ ನೋಡಿದ್ದನ್ನೇ ಹೇಳುತ್ತೇನೆ. ನಾಲ್ಕು ಡಿಸ್ಕ್‌ನ ಡಬ್ಬ, ಅದರಲ್ಲಿ ಮೂರು ವರ್ಷಗಳ ಮದುವೆ, ನಾಮಕರಣ, ಗೃಹಪ್ರವೇಶ. ಒಂದು ಡಿಸ್ಕ್ ನಿಜವಾಗಿಯೇ ಸತ್ತಿತ್ತು. ಅದರ ಜಾಗಕ್ಕೆ ಹೊಸದು ಹಾಕಿದ್ದರು. ರೀಬಿಲ್ಡ್ ಅರ್ಧ ದಾರಿಯಲ್ಲಿ ನಿಂತು ಹೊಸ ಡಿಸ್ಕ್ ಹೊರಬಿತ್ತು. ಅಂಗಡಿಯವರು ಪಾಪ ತಕರಾರಿಲ್ಲದೆ ಬದಲಾಯಿಸಿ ಅದೇ ಮಾಡೆಲ್‌ನ ಇನ್ನೊಂದು ಕೊಟ್ಟರು. ಅದೂ ಬಿತ್ತು.

"ಎರಡನೇದೂ ಹೋಗ್ಬುಡ್ತು ಕಣಣ್ಣ. ಡಬ್ಬನೇ ಸರಿ ಇಲ್ಲ, ಹೊಸದು ತಗೊಳಿ ಅಂತಾವ್ರೆ ಅಂಗಡಿಯೋರು."

"ತಗೋಬೇಡ, ತಡಿ. ಸ್ಮಾರ್ಟ್ ಪಟ್ಟಿ ಕಳ್ಸು."

ಪಟ್ಟಿ ಶುದ್ಧವಾಗಿತ್ತು. 5 ಸೊನ್ನೆ, 197 ಸೊನ್ನೆ, 199 ಸೊನ್ನೆ. ಬಿಸಿಯೂ ಇಲ್ಲ. ಹೋಗಿ ರೀಬಿಲ್ಡ್ ಮತ್ತೆ ಹಚ್ಚಿ ಪಕ್ಕದಲ್ಲೇ ಕೂತೆವು. ಮೊದಲಿಗೆ ಸೆಕೆಂಡಿಗೆ 130 ಎಂಬಿ ಮೇಲೆ ಬರೆಯುತ್ತಿತ್ತು. ಎಷ್ಟು ಚೆನ್ನಾಗಿದೆ ಅನ್ನುವಷ್ಟರಲ್ಲಿ 40ಕ್ಕೆ ಬಿತ್ತು, ಆಮೇಲೆ 15, ಆಮೇಲೆ ಕೆಲವು ಸೆಕೆಂಡು ಸೊನ್ನೆ, ಮತ್ತೆ ಸ್ವಲ್ಪ ಏರಿಕೆ. ಉಳಿದ ಮೂರು ಡಿಸ್ಕ್‌ಗಳ ದೀಪ ಸುಮ್ಮನೆ ಉರಿಯುತ್ತಿತ್ತು, ಹೊಸದರ ದೀಪ ಒಂದೇ ಸಮನೆ ಮಿಟುಕುತ್ತಿತ್ತು. ಲಾಗ್‌ನಲ್ಲಿ ಕಾದು ಸಾಕಾಯಿತು ಅನ್ನುವ ಟೈಮೌಟ್ ಸಾಲುಗಳು. ರೀಬಿಲ್ಡ್ ನಿಲ್ಲಿಸಿದೆವು. ಬರೆಯುವುದು ಏನೂ ಇಲ್ಲ. ಆದರೂ ಕೈಯಿಟ್ಟರೆ ಟ್ರೇ ನಡುಗುತ್ತಿತ್ತು, ಕಿವಿಯಿಟ್ಟರೆ ತಲೆ ಓಡಾಡುವ ಗೊರಗೊರ ಸದ್ದು. ತುಂಬಾ ಹೊತ್ತು ಅದು ಒಳಗೊಳಗೇ ಏನೋ ಕೆಲಸ ಮಾಡುತ್ತಲೇ ಇತ್ತು.

ಯಾರೂ ಹೇಳದೆ ಡಿಸ್ಕ್ ಹಾಗೆ ಒಳಗೇ ದುಡಿಯುತ್ತಿದ್ದರೆ ಅದು ಎಸ್‌ಎಂಆರ್ ಡಿಸ್ಕ್ ಅನ್ನುವುದಕ್ಕೆ ಒಳ್ಳೆಯ ಸುಳಿವು. ಮಾಮೂಲಿ ಡಿಸ್ಕ್‌ನಲ್ಲಿ, ಅಂದರೆ ಸಿಎಂಆರ್‌ನಲ್ಲಿ, ಡೇಟಾ ಬರೆಯುವ ಪಟ್ಟೆಗಳು ಪಕ್ಕ ಪಕ್ಕ ಇರುತ್ತವೆ. ಎಸ್‌ಎಂಆರ್‌ನಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು. ಅಷ್ಟೇ ಜಾಗದಲ್ಲಿ ಜಾಸ್ತಿ ಹಿಡಿಯುತ್ತದೆ, ಅಗ್ಗವಾಗುತ್ತದೆ. ಆದರೆ ನಡುವಿನ ಒಂದನ್ನು ಬದಲಾಯಿಸಬೇಕಾದರೆ ಅದರ ಮೇಲೆ ಬಂದವನ್ನೂ ಎತ್ತಿ ಮತ್ತೆ ಬರೆಯಬೇಕು. ಈ ನಿಧಾನವನ್ನು ಮುಚ್ಚಲು ಡಿಸ್ಕ್ ಒಂದಷ್ಟು ಜಾಗವನ್ನು ಮಾಮೂಲಿ ರೀತಿಯಲ್ಲೇ ಇಟ್ಟುಕೊಂಡಿರುತ್ತದೆ. ಬಂದದ್ದನ್ನು ಮೊದಲು ಅಲ್ಲಿ ಸುರಿದುಕೊಂಡು, ಬಿಡುವಾದಾಗ ಒಳಗೆ ಸಾಗಿಸುತ್ತದೆ. ದಿನಕ್ಕೆ ನಾಲ್ಕು ಫೋಟೊ, ಎರಡು ವರ್ಡ್ ಫೈಲ್ ಹಾಕುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ರೀಬಿಲ್ಡ್ ಅಂದರೆ ಬಿಡುವೇ ಇಲ್ಲದೆ 4 ಟಿಬಿ ಬರೆಯುವುದು. ಆ ಜಾಗ ತುಂಬುತ್ತದೆ, ಡಿಸ್ಕ್ ಉಸಿರು ಕಟ್ಟುತ್ತದೆ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ರೇಡ್ ಅದನ್ನು ಸತ್ತಿದೆ ಅಂತ ಲೆಕ್ಕ ಹಾಕಿ ಹೊರಗೆ ದಬ್ಬುತ್ತದೆ.

ಲೆಕ್ಕ ಹಾಕಿ ನೋಡಿ. 4 ಟಿಬಿಯನ್ನು ಸೆಕೆಂಡಿಗೆ 140 ಎಂಬಿಯಂತೆ ಬರೆದರೆ ಎಂಟು ಗಂಟೆ. 20 ಎಂಬಿಯಂತೆ ಬರೆದರೆ 55 ಗಂಟೆ. ಹೊರಬೀಳದೆ ಮುಗಿದರೂ ಅಷ್ಟು ಹೊತ್ತು ಉಳಿದ ಡಿಸ್ಕ್‌ಗಳಿಗೆ ರಕ್ಷಣೆ ಇಲ್ಲ. ಝಡ್‌ಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆ ಬಳಸುವವರಿಗೆ, ಉದಾಹರಣೆಗೆ ಟ್ರೂನ್ಯಾಸ್ ಸಾಫ್ಟ್‌ವೇರ್ ಹಾಕಿಕೊಂಡವರಿಗೆ, ಈ ಏಟು ಇನ್ನೂ ಜಾಸ್ತಿ.

"ನಾನು ನ್ಯಾಸ್ ಡಿಸ್ಕ್ ಅಂತಲೇ ಬರೆದಿರೋದು ತಂದಿದ್ದೀನಿ" ಅಂದರೂ ನಂಬುವ ಹಾಗಿಲ್ಲ. 2020ರ ಏಪ್ರಿಲ್‌ನಲ್ಲಿ ಬಯಲಾದದ್ದು ಅದೇ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನಲ್ಲಿ, ನ್ಯಾಸ್‌ಗೆ ಅಂತಲೇ ಮಾರುತ್ತಿದ್ದ 2ರಿಂದ 6 ಟಿಬಿಯ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಆಗಿದ್ದವು, ಪೆಟ್ಟಿಗೆ ಮೇಲೆ ಆ ಮಾತೇ ಇರಲಿಲ್ಲ. ಗಲಾಟೆಯಾದ ಮೇಲೆ ಕಂಪನಿ ಪಟ್ಟಿ ಹೊರಡಿಸಿತು. ಅದೇ ವರ್ಷ ಜೂನ್‌ನಲ್ಲಿ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರು ಬಂತು. ಬರೀ ರೆಡ್ ಅಂತಿರುವ ಆ ಗಾತ್ರದವು ಎಸ್‌ಎಂಆರ್ ಆಗಿಯೇ ಉಳಿದವು.

ನಿಮ್ಮದು ಯಾವುದು ಅಂತ ತಿಳಿಯಲು ಡಿಸ್ಕ್‌ನ ಚೀಟಿ ಮೇಲಿನ ಮಾಡೆಲ್ ನಂಬರ್ ನೋಡಿ, ಪೆಟ್ಟಿಗೆ ಬಣ್ಣವನ್ನಲ್ಲ. ವೆಸ್ಟರ್ನ್ ಡಿಜಿಟಲ್‌ನಲ್ಲಿ 2ರಿಂದ 6 ಟಿಬಿ ಒಳಗೆ ನಂಬರಿನ ಕೊನೆ ಇಎಫ್‌ಎಎಕ್ಸ್ ಇದ್ದರೆ ಎಸ್‌ಎಂಆರ್. ಹಳೆಯ ಇಎಫ್‌ಆರ್‌ಎಕ್ಸ್, ಆಮೇಲೆ ಬಂದ ಇಎಫ್‌ಝಡ್‌ಎಕ್ಸ್, ಇಎಫ್‌ಪಿಎಕ್ಸ್ ಇದ್ದರೆ ಸಿಎಂಆರ್. ಸೀಗೇಟ್‌ನಲ್ಲಿ ನಂಬರಿನ ನಡುವೆ ವಿಎನ್ ಇದ್ದರೆ ಐರನ್‌ವುಲ್ಫ್, ಅದು ಸಿಎಂಆರ್. ಡಿಎಂ ಇದ್ದರೆ ಡೆಸ್ಕ್‌ಟಾಪ್‌ನ ಬ್ಯಾರಾಕುಡ. ಅದರ 2 ಟಿಬಿ ಡಿಎಂ 008, 4 ಟಿಬಿ ಡಿಎಂ 004, 8 ಟಿಬಿ ಡಿಎಂ 004 ಮೂರೂ ಎಸ್‌ಎಂಆರ್.

ನಂಬರ್ ನೋಡಲು ಆಗದಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಡಿಸ್ಕ್‌ನ ಸೌಲಭ್ಯಗಳ ಸಾಲು ನೋಡಿ. ತಿರುಗುವ ಡಿಸ್ಕ್‌ಗೆ "ಟ್ರಿಮ್" ಅಂತ ತೋರಿಸಿದರೆ ಎಸ್‌ಎಂಆರ್ ಅಂತಲೇ ಹೇಳಬಹುದು. ಟ್ರಿಮ್ ಎಸ್‌ಎಸ್‌ಡಿಗೆ ಬೇಕಾದದ್ದು, ಮಾಮೂಲಿ ಡಿಸ್ಕ್‌ಗೆ ಅದರ ಕೆಲಸವಿಲ್ಲ. ಟ್ರಿಮ್ ಕಾಣದಿದ್ದರೆ ಸಿಎಂಆರ್ ಅಂತ ತೀರ್ಮಾನ ಮಾಡಲು ಬರುವುದಿಲ್ಲ, ಕೆಲವು ಎಸ್‌ಎಂಆರ್‌ಗಳು ಅದನ್ನು ತೋರಿಸುವುದೇ ಇಲ್ಲ.

ಮಂಡ್ಯದವರ ಹೊಸ ಡಿಸ್ಕ್ ಡೆಸ್ಕ್‌ಟಾಪ್ ಎಸ್‌ಎಂಆರ್ ಆಗಿತ್ತು. ಡಬ್ಬಕ್ಕೆ ಏನೂ ಆಗಿರಲಿಲ್ಲ. ಸಿಎಂಆರ್ ಡಿಸ್ಕ್ ಹಾಕಿದ ಮೇಲೆ ರೀಬಿಲ್ಡ್ ಒಂದೇ ರಾತ್ರಿಯಲ್ಲಿ ಮುಗಿಯಿತು. ತೆಗೆದ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ವಾರಕ್ಕೊಮ್ಮೆ ಬ್ಯಾಕಪ್ ತೆಗೆಯುತ್ತಿದ್ದಾರೆ, ಆ ಕೆಲಸಕ್ಕೆ ಅದು ಚೆನ್ನಾಗಿಯೇ ಇದೆ.

ಏಳು ಸೆಕೆಂಡಿನ ವಿಷಯ

ಸಿಎಂಆರ್ ಆದರೂ ಡೆಸ್ಕ್‌ಟಾಪ್ ಡಿಸ್ಕ್ ಹೊರಬೀಳಲು ಇನ್ನೊಂದು ಕಾರಣ ಇದೆ. ಒಂದು ಸೆಕ್ಟರ್ ಓದಲು ಬರದಿದ್ದರೆ ಡೆಸ್ಕ್‌ಟಾಪ್ ಡಿಸ್ಕ್ ಹಟ ಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಕೆಲವೊಮ್ಮೆ ನಿಮಿಷಕ್ಕೂ ಮೀರಿ. ಒಂದೇ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಅದು ಸರಿ, ಆ ಡೇಟಾಗೆ ಬೇರೆ ದಿಕ್ಕಿಲ್ಲ. ರೇಡ್‌ನಲ್ಲಿ ಅದೇ ಡೇಟಾ ಉಳಿದ ಡಿಸ್ಕ್‌ಗಳಿಂದ ಸಿಗುತ್ತದೆ. ಹಾಗಾಗಿ ನ್ಯಾಸ್ ಡಿಸ್ಕ್ 7 ಸೆಕೆಂಡು ನೋಡಿ, "ಆಗಲಿಲ್ಲ" ಅಂತ ಹೇಳಿ ಮುಂದಕ್ಕೆ ಹೋಗುತ್ತದೆ. ಹೆಚ್ಚಿನ ನ್ಯಾಸ್‌ಗಳ ಒಳಗಿರುವ ಲಿನಕ್ಸ್ ಮಾಮೂಲಾಗಿ ಕಾಯುವುದು 30 ಸೆಕೆಂಡು. ಅದರೊಳಗೆ ಉತ್ತರ ಬರದಿದ್ದರೆ ಸಂಪರ್ಕವನ್ನೇ ಕಡಿದು ಹೊಸದಾಗಿ ಜೋಡಿಸಲು ನೋಡುತ್ತದೆ. ಆ ಗಡಿಬಿಡಿಯಲ್ಲಿ ಇಡೀ ಡಿಸ್ಕ್ ಹೊರಗೆ. ಒಂದು ಸೆಕ್ಟರ್‌ಗೆ ಇಡೀ ಡಿಸ್ಕ್ ಬಲಿ.

ಸ್ಮಾರ್ಟ್ ಪಟ್ಟಿ ಓದುವ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಬಳಸಲು ಬರುವವರು ಎಸ್‌ಸಿಟಿ ಇಆರ್‌ಸಿ ಅನ್ನುವ ಸೆಟ್ಟಿಂಗ್ ನೋಡಿ, ಡಿಸ್ಕ್ ಎಷ್ಟು ಹೊತ್ತು ಪ್ರಯತ್ನಿಸಬೇಕು ಅನ್ನುವುದು ಅದರಲ್ಲಿದೆ. ಓದಲು, ಬರೆಯಲು ಎರಡೂ 70 ಅಂತಿದ್ದರೆ 7 ಸೆಕೆಂಡು, ಸರಿಯಾಗಿದೆ. ಆಫ್ ಇದ್ದರೆ ಆನ್ ಮಾಡಿ ನೋಡಿ. ಎಷ್ಟೋ ಡಿಸ್ಕ್‌ಗಳಲ್ಲಿ ಪ್ರತಿ ಸಲ ಕರೆಂಟು ಹೋದಾಗಲೂ ಅದು ಮರೆತುಹೋಗುತ್ತದೆ, ಆನ್ ಆದಾಗಲೆಲ್ಲ ಹಾಕುವಂತೆ ಸ್ಕ್ರಿಪ್ಟ್ ಬರೆದಿಡಬೇಕು. ಸೌಲಭ್ಯವೇ ಇಲ್ಲ ಅಂತ ಬಂದರೆ ಆ ಡಿಸ್ಕ್ ರೇಡ್‌ಗೆ ಬೇಡ.

ಹಾಗಾದರೆ ಯಾವುದು ತರಬೇಕು?

ಮನೆಗೆ, ಸಣ್ಣ ಆಫೀಸಿಗೆ ನನ್ನ ಮೊದಲ ಆಯ್ಕೆ ರೆಡ್ ಪ್ಲಸ್, ಐರನ್‌ವುಲ್ಫ್ ಅಥವಾ ತೋಶಿಬಾ ಎನ್300. ಮೂರೂ ಸಿಎಂಆರ್. ಎಂಟು ಡಿಸ್ಕ್ ತನಕದ ಡಬ್ಬಕ್ಕೆ, ದಿನದ 24 ಗಂಟೆ ಓಡಲು, ವರ್ಷಕ್ಕೆ 180 ಟಿಬಿ ಓದಿ ಬರೆಯಲು ಅಂತ ಮಾಡಿದ ವರ್ಗ ಇದು. ಡೆಸ್ಕ್‌ಟಾಪ್ ಡಿಸ್ಕ್‌ಗೆ ಆ ಲೆಕ್ಕ 55 ಟಿಬಿ. ಮೂರರಲ್ಲಿ ಯಾವುದು ಮೇಲು ಅಂತ ಜಗಳ ಆಡುವುದು ದಂಡ. ಆವತ್ತು ಯಾವುದಕ್ಕೆ ಸರಿಯಾದ ಬಿಲ್ಲು, ವಾರಂಟಿ ಸಿಗುತ್ತದೋ ಅದನ್ನು ತನ್ನಿ. ಪ್ರೊ ಅಂತ ಬರುವವುಗಳಿಗೆ ಐದು ವರ್ಷ ವಾರಂಟಿ, ಮಾಮೂಲಿಗೆ ಮೂರು. ಸ್ಟುಡಿಯೊದವರಿಗೆ ಆ ಎರಡು ವರ್ಷಕ್ಕೆ ಬೆಲೆ ಇದೆ. ಮನೆಯವರಿಗೆ ಅಷ್ಟು ಅನಿಸುವುದಿಲ್ಲ.

ಡೇಟಾ ಸೆಂಟರ್‌ಗೆ ಅಂತ ಮಾಡಿದ ಎಕ್ಸೋಸ್, ಅಲ್ಟ್ರಾಸ್ಟಾರ್ ಕೆಲವೊಮ್ಮೆ ನ್ಯಾಸ್ ಡಿಸ್ಕ್‌ಗಿಂತ ಅಗ್ಗಕ್ಕೆ ಸಿಗುತ್ತವೆ. ಕೆಲಸಕ್ಕೆ ತೊಂದರೆಯಿಲ್ಲ. ಆದರೆ ಸದ್ದು ಜಾಸ್ತಿ, ಬಿಸಿ ಜಾಸ್ತಿ. ಡಬ್ಬ ಹಾಲ್‌ನಲ್ಲಿದ್ದರೆ ಮನೆಯವರು ರಾತ್ರಿ ಅದನ್ನು ಆಫ್ ಮಾಡಿಸುತ್ತಾರೆ.

ಸಿಸಿಟಿವಿ ಡಿಸ್ಕ್ ಇದೆ, ಅದೇ ತಗೊಳ್ಳಿ ಅಂತ ಅಂಗಡಿಯಲ್ಲಿ ಹೇಳುವುದುಂಟು. ಅವುಗಳಲ್ಲಿ ಹೆಚ್ಚಿನವು ಸಿಎಂಆರ್, ದಿನಪೂರ್ತಿ ಓಡುವುದಕ್ಕೂ ಅಂಜುವುದಿಲ್ಲ. ಕ್ಯಾಮೆರಾದ ವೀಡಿಯೊವನ್ನು ಒಂದೇ ಸಮನೆ ಬರೆಯುವುದಕ್ಕೆ ಹದ ಮಾಡಿರುತ್ತಾರೆ, ಅಷ್ಟೇ. ಕೈಗೆ ಬೇರೆ ಏನೂ ಸಿಗದಿದ್ದರೆ ಎಸ್‌ಎಂಆರ್‌ಗಿಂತ ಇದು ಎಷ್ಟೋ ವಾಸಿ.

ಗಾತ್ರದ ವಿಷಯಕ್ಕೆ ಬಂದರೆ ಸ್ಟುಡಿಯೊದವರು ಹೀಗೆ ಲೆಕ್ಕ ಹಾಕಬಹುದು. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವೀಡಿಯೊ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಮುಹೂರ್ತ, ರಿಸೆಪ್ಷನ್ ಸೇರಿ ಎಷ್ಟು ಗಂಟೆ ಅಂತ ನಿಮಗೇ ಗೊತ್ತು. 4 ಟಿಬಿ ಡಿಸ್ಕ್ ಡಬ್ಬದಲ್ಲಿ 3.6 ಅಂತ ಕಾಣುತ್ತದೆ, ಅದು ಎಣಿಸುವ ರೀತಿಯ ವ್ಯತ್ಯಾಸ, ಯಾರೂ ಮೋಸ ಮಾಡಿಲ್ಲ.

8 ಟಿಬಿ ಮತ್ತು ಮೇಲಿನ ಡಿಸ್ಕ್‌ಗಳಿಗೆ ರೇಡ್ 5 ನನಗೆ ಇಷ್ಟವಿಲ್ಲ. ರೀಬಿಲ್ಡ್ ಆಗುವಾಗ ಉಳಿದ ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ಮನೆಬಳಕೆಯ ಎಷ್ಟೋ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ 12.5 ಟಿಬಿ ಓದಿದರೆ ಹೆಚ್ಚೆಂದರೆ ಒಂದು ಓದಲಾಗದ ದೋಷ ಅಂತಿರುತ್ತದೆ. ನಿಜದಲ್ಲಿ ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ, ಆದರೂ ನಾಲ್ಕರಲ್ಲಿ ಉಳಿದ ಮೂರು 8 ಟಿಬಿ ಡಿಸ್ಕ್, ಅಂದರೆ 24 ಟಿಬಿ, ಓದುವಾಗ ದೇವರ ಮೇಲೆ ಭಾರ ಹಾಕಿ ಕೂರುವುದು ಯಾಕೆ? ಎರಡು ಡಿಸ್ಕ್ ಸತ್ತರೂ ತಾಳುವ ರೇಡ್ 6 ಹಾಕಿ. ಎರಡೇ ಸ್ಲಾಟ್‌ನ ಡಬ್ಬವಾದರೆ ಎರಡರಲ್ಲೂ ಒಂದೇ ಡೇಟಾ ಇಡುವ ರೇಡ್ 1.

ಅಂಗಡಿಯಲ್ಲಿ

ನಾಲ್ಕು ಡಿಸ್ಕ್ ಬೇಕಾದರೆ ಎರಡನ್ನು ಒಂದು ಕಡೆ, ಎರಡನ್ನು ಇನ್ನೊಂದು ಕಡೆ ತನ್ನಿ. ಮೈಸೂರಿನಲ್ಲಿ ಎರಡು, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎರಡು ಆದರೂ ಸರಿ. ಒಂದೇ ಪೆಟ್ಟಿಗೆಯಿಂದ ಬಂದ ನಾಲ್ಕು ಒಟ್ಟಿಗೆ ಬಿದ್ದು ಉರುಳಿ ಬಂದಿದ್ದರೆ ಒಟ್ಟಿಗೇ ಸಾಯುತ್ತವೆ.

ದುಡ್ಡು ಕೊಡುವ ಮುಂಚೆ ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಫೋನಿನಲ್ಲೇ ಹಾಕಿ ನೋಡಿ. ಕಂಪ್ಯೂಟರ್ ತಯಾರಕರಿಗೆ ಸಗಟಾಗಿ ಕೊಟ್ಟ ಡಿಸ್ಕ್ ಆದರೆ ವಾರಂಟಿ ಇಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಬಳಸಿದ್ದನ್ನು ಹೊಸದು ಅಂತ ಮಾರುವುದೂ ಇದೆ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕ್‌ಗಳು ಸ್ಮಾರ್ಟ್ ಲೆಕ್ಕ ಅಳಿಸಿಕೊಂಡು ಹೊಸವೆಂದು ಮಾರಾಟವಾದದ್ದು ಪತ್ತೆಯಾಯಿತು. 9ನೇ ಸಾಲಿನ ಗಂಟೆ ಲೆಕ್ಕ ಸೊನ್ನೆ ಇತ್ತು, ಫಾರ್ಮ್ ಅನ್ನುವ ಇನ್ನೊಂದು ಲಾಗ್‌ನಲ್ಲಿ ನಿಜ ಉಳಿದಿತ್ತು. ಸ್ಮಾರ್ಟ್‌ಸಿಟಿಎಲ್‌ನ ಹೊಸ ಆವೃತ್ತಿ ಆ ಲಾಗನ್ನೂ ಓದುತ್ತದೆ. ಎರಡೂ ತಾಳೆಯಾಗಬೇಕು.

ಮನೆಗೆ ತಂದ ಮೇಲೆ ರೇಡ್‌ಗೆ ಸೇರಿಸುವ ಮುಂಚೆಯೇ ಉದ್ದ ಪರೀಕ್ಷೆ ಒಂದು ಸಲ ಓಡಿಸಿ. ಬಿದ್ದರೆ ಅಂಗಡಿಯಲ್ಲೇ ಬದಲಾಯಿಸಿ ಕೊಡುತ್ತಾರೆ. ತಿಂಗಳು ಕಳೆದರೆ ಕಂಪನಿಯ ಸರ್ವೀಸ್ ಸೆಂಟರ್‌ಗೆ ಅಲೆಯಬೇಕು, ಅಲ್ಲಿಂದ ಬದಲಿಗೆ ಬರುವುದು ಎಷ್ಟೋ ಸಲ ರಿಪೇರಿ ಮಾಡಿದ ಡಿಸ್ಕ್. ಬಿಲ್ಲಿನಲ್ಲಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಎರಡನ್ನೂ ಬರೆಸಿಕೊಳ್ಳಿ. ಥರ್ಮಲ್ ಕಾಗದದ ಬಿಲ್ಲು ಮೂರು ವರ್ಷ ಬಾಳುವುದಿಲ್ಲ, ಅಕ್ಷರ ಮಾಸಿಹೋಗುತ್ತದೆ. ಅವತ್ತೇ ಫೋಟೊ ತೆಗೆದಿಡಿ, ಅದೇ ನ್ಯಾಸ್‌ನೊಳಗೆ ಮಾತ್ರ ಬೇಡ.